ಇಳಿಜಾರಿನಲ್ಲಿ ಎಡಕ್ಕೆಳೆಯುವ ಟಿಪ್ಪರುಗಳು

ಗಣಿಯ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಇಷ್ಟೆ: "ಬಂದು ಏಳನೇ ನಂಬರ್ ಟಿಪ್ಪರ್ ನೋಡ್ರಿ. ಸೊಟ್ಟಗೈತೆ ಅಂದ್ರೆ ರಿಪೇರಿ ಮಾಡಿಸ್ತೀನಿ. ನೆಟ್ಟಗೈತೆ ಅಂದ್ರೆ ಅದರ ಡ್ರೈವರ್‌ನ ಇವತ್ತೇ ಮನೆಗೆ ಕಳಿಸ್ತೀನಿ. ಗುಡ್ಡ ಇಳಿಯಲ್ಲ ಅಂತ ಕುಂತವ್ನೆ."

ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡುವ ವ್ಯಾಜ್ಯಗಳು ಕೂಡ ಇಷ್ಟು ಸರಳವಾಗಿ ಯಾರ ಮುಂದೂ ಬಂದಿರಲಾರವು. ಲಾರಿ ಅಪರಾಧಿಯಾದರೆ ಮನುಷ್ಯ ಉಳಿಯುತ್ತಾನೆ, ಲಾರಿ ನಿರಪರಾಧಿಯಾದರೆ ಮನುಷ್ಯ ಹೋಗುತ್ತಾನೆ. ತೀರ್ಪು ಕೊಡಬೇಕಾದವನು ನಾನು. ಸಾಕ್ಷಿಗಳೆಂದರೆ ಒಂದು ಟೇಪು, ಒಂದು ಉಂಡೆ ದಾರ, ಒಂದು ತೂಗುಗುಂಡು.

ಹಿರಿಯೂರಿನ ಹೆದ್ದಾರಿ ಪಕ್ಕದ ನನ್ನ ಶೆಡ್ಡಿನಲ್ಲಿ ಚಕ್ರಗಳ ನೇರ ನೋಡುವ ಲೇಸರ್ ಯಂತ್ರವಿದೆ. ಆದರೆ ಗಣಿಯೊಳಗೆ ಓಡುವ ಟಿಪ್ಪರುಗಳು ಡಾಂಬರು ರಸ್ತೆಗೆ ಇಳಿಯುವಂತಿಲ್ಲ. ಅವುಗಳಿಗೆ ನಂಬರ್ ಪ್ಲೇಟೂ ಇಲ್ಲ, ನಾಚಿಕೆಯೂ ಇಲ್ಲ. ಹಾಗಾಗಿ ಯಂತ್ರಕ್ಕೆ ಬಟ್ಟೆ ಹೊದಿಸಿ ಹಳೆಯ ಕಾಲದ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ. ಐಮಂಗಲದಲ್ಲಿ ಟೀ ಕುಡಿದು, ಚಿತ್ರದುರ್ಗ, ಹೊಳಲ್ಕೆರೆ ಹಾದು ಹೊಸದುರ್ಗದ ಕಡೆ ತಿರುಗಿದೆ. ಆ ಗುಡ್ಡ ತಲುಪುವಾಗ ಬಿಸಿಲೇರಿತ್ತು.

ಅಲ್ಲಿ ಎಲ್ಲವೂ ಕೆಂಪು. ಗಿಡದ ಎಲೆ ಕೆಂಪು, ನಾಯಿ ಕೆಂಪು, ಒಗೆದು ಹರವಿದ್ದ ಪಂಚೆಯೂ ಕೆಂಪು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ತಿರುಗುತ್ತಿದ್ದವು. ಒಂದೊಂದು ರೆಕ್ಕೆಯ ನೆರಳೂ ಇಳಿಜಾರಿನ ಮೇಲೆ ಬಂದು, ಗಣಿಯ ಶೆಡ್ಡಿನ ತಗಡಿನ ಮೇಲೆ ಹರಿದು, ಅದರಾಚೆ ಎಲ್ಲೋ ಕಾಣೆಯಾಗುತ್ತಿತ್ತು. ಎಲ್ಲಿ ಕಾಣೆಯಾಗುತ್ತದೆಂದು ಶೆಡ್ಡಿನ ಹಿಂದೆ ಹೋಗಿ ನೋಡಿದೆ. ಅಲ್ಲಿ ಹಳೆಯ ಗುಂಡಿಯಿತ್ತು. ಕೆಲಸ ನಿಲ್ಲಿಸಿ ಎಷ್ಟೋ ಕಾಲವಾದ, ನೀರು ತುಂಬಿದ ಗಣಿ. ನೀರು ಕೂಡ ಕೆಂಪು, ಅಲುಗದ ಕೆಂಪು. ನೆರಳು ಅದರೊಳಗೆ ಬೀಳುತ್ತಿತ್ತು, ಹೊರಗೆ ಬರುತ್ತಿರಲಿಲ್ಲ.

"ಅಲ್ಲಿ ಜಾಸ್ತಿ ಹೊತ್ತು ನಿಂತ್ಕಬೇಡ್ರಿ ಮೇಸ್ತ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಏಳನೇ ನಂಬರಿನ ಡ್ರೈವರ್. ಆದಿವಾಲದ ಕಡೆಯವನು, ಕುರಿ ಕಾಯುವ ಮನೆತನ, ತಲೆಗೆ ಸುತ್ತಿದ ಟವೆಲ್ಲು, ನಿಧಾನದ ಮಾತು. ಹಿಂದೆ ಯಾವಾಗಲೋ ಒಬ್ಬ ಡ್ರೈವರ್ ಲಾರಿಯ ಸಮೇತ ಆ ಗುಂಡಿಗೆ ಹೋದನೆಂದೂ, ಲಾರಿ ಮೇಲೆ ಬರಲಿಲ್ಲವೆಂದೂ ಅವನೇ ಹೇಳಿದ.

"ಡ್ರೈವರ್ ಬಂದನೋ?" ಎಂದೆ.

"ಬಂದ. ಬರಬಾರದ ರೀತಿಲಿ ಬಂದ."

"ನಿನ್ನ ಗಾಡಿಗೆ ಏನು ತೊಂದರೆ?"

"ಇಳಿಯುವಾಗ ಎಳೀತೈತೆ. ಎಡಕ್ಕೆ. ಈ ಗುಂಡಿ ಕಡೆಗೆ. ಏರುವಾಗ ಏನೂ ಇಲ್ಲ. ಕುರಿ ಹಿಂಡಿಗೆ ಹುಲ್ಲಿನ ವಾಸನೆ ಬಂದಾಗ ಎಳೀತಾವಲ್ಲ, ಹಂಗೆ. ಕೈಗೆ ಗೊತ್ತಾಗ್ತೈತೆ."

ಇಳಿಯುವಾಗ ಮಾತ್ರ ಎಳೆಯುವ ದೆವ್ವ! ಸಂಚಾರ ನಿಯಮ ಪಾಲಿಸಿಕೊಂಡು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಇಂಥ ಶಿಸ್ತಿನ ದೆವ್ವ ನಮ್ಮ ಜಿಲ್ಲೆಯಲ್ಲಿ ಇರುವುದು ಹೆಮ್ಮೆಯ ಸಂಗತಿ ಎಂದುಕೊಂಡೆ. ನಗಲಿಲ್ಲ. ಅವನ ಮುಖ ನಗುವುದಕ್ಕೆ ಬಿಡುವಂತಿರಲಿಲ್ಲ.

ಶೆಡ್ಡಿನೊಳಗೆ ಗಣಿಯ ಫಿಟ್ಟರ್ ಕಾಯುತ್ತಿದ್ದ. ಟಿಪ್ಪರುಗಳ ಅಡಿಭಾಗವೆಲ್ಲ ಅವನ ಸುಪರ್ದು. ನೆಲಕ್ಕೆ ಕಾಂಕ್ರೀಟು, ಆ ಕಾಂಕ್ರೀಟಿನಲ್ಲಿ ನಾಲ್ಕು ಮೂಲೆಗೆ ಹುಗಿದ ಹಿತ್ತಾಳೆಯ ಮೊಳೆಗಳು. ಅವುಗಳ ತಲೆಯ ಮೇಲೆ ಹಳೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ಮೊಳೆಗಳ ನಡುವೆ ಉದ್ದಕ್ಕೆ ಒಂದು ನಡುಗೆರೆ, ಹಿಂದುಗಡೆ ಅದಕ್ಕೆ ಅಡ್ಡವಾಗಿ ಇನ್ನೊಂದು ಗೆರೆ. ಲಾರಿಯ ಚಾಸಿಯನ್ನು ನಡುಗೆರೆಯ ಮೇಲೆ ನೇರವಾಗಿ ನಿಲ್ಲಿಸಿ, ಹಿಂದಿನ ಆಕ್ಸಲಿನ ಎರಡು ತುದಿಯಿಂದ ತೂಗುಗುಂಡು ಬಿಟ್ಟರೆ ಎರಡೂ ಗುಂಡು ಅಡ್ಡಗೆರೆಯ ಮೇಲೇ ನಿಲ್ಲಬೇಕು. ನಿಂತರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ ಎಡಗಡೆಯೂ ಬಲಗಡೆಯೂ ಸಮ. ಇಲ್ಲದಿದ್ದರೆ ಲಾರಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ.

"ಉಸ್ತಾದ್ ಹೊಡೆದ ಮೊಳೆ ಅಣ್ಣ ಇವು," ಎಂದ ಫಿಟ್ಟರ್, ಗರ್ಭಗುಡಿ ತೋರಿಸುವ ಅರ್ಚಕರ ದನಿಯಲ್ಲಿ. ಅವನಿಗೆ ಕೆಲಸ ಕಲಿಸಿದ ಉಸ್ತಾದರು ತೀರಿಕೊಂಡಿದ್ದರು. ಪ್ರತಿ ವರ್ಷ ಆಯುಧಪೂಜೆಗೆ ಮೊದಲ ಕುಂಕುಮ ಈ ಮೊಳೆಗಳಿಗೆ, ಆಮೇಲೆ ಸ್ಪ್ಯಾನರುಗಳಿಗೆ, ಕೊನೆಗೆ ಮ್ಯಾನೇಜರ್ ಜೀಪಿಗೆ. "ಚಪ್ಪಲಿ ಬಿಟ್ಟು ಬರ್ರಿ."

ಬಿಟ್ಟು ಹೋದೆ. ಆ ಉಸ್ತಾದರ ಹೆಸರು ನಾನೂ ಕೇಳಿದ್ದೆ. ದಾರದಲ್ಲಿ ಅವರು ತೆಗೆದ ನೇರ ಯಂತ್ರದಲ್ಲೂ ಬರುವುದಿಲ್ಲವೆಂದು ಹೆದ್ದಾರಿಯ ಮುದುಕರು ಹೇಳುತ್ತಿದ್ದರು.

ಮೊದಲು ಮುಂಭಾಗ. ಕಮಾನು ಪಟ್ಟಿಗಳನ್ನು ಒಂದೊಂದಾಗಿ ಟಾರ್ಚು ಹಾಕಿ ನೋಡಿದೆ, ಬಿರುಕಿಲ್ಲ. ಪಟ್ಟಿಗಳನ್ನು ಆಕ್ಸಲಿಗೆ ಕಚ್ಚಿ ಹಿಡಿಯುವ ಯೂ-ಬೋಲ್ಟುಗಳು ಬಿಗಿಯಾಗಿವೆ. ನಡುವಿನ ಸೆಂಟರ್ ಬೋಲ್ಟು ತುಂಡಾಗಿಲ್ಲ. ಜಾಕು ಕೊಟ್ಟು ಚಕ್ರವನ್ನು ಹಾರೆಯಿಂದ ಅಲುಗಿಸಿದೆ, ಚಕ್ರ ಹೊರಳುವ ಗೂಟವಾದ ಕಿಂಗ್ ಪಿನ್ನಿನಲ್ಲಿ ಸಡಿಲವಿಲ್ಲ. ಎರಡು ಮುಂಚಕ್ರಗಳ ಮುಂದಿನ ಅಂತರವನ್ನೂ ಹಿಂದಿನ ಅಂತರವನ್ನೂ ಟೇಪಿನಲ್ಲಿ ಅಳೆದೆ, ಎಷ್ಟಿರಬೇಕೋ ಅಷ್ಟಿದೆ. ಎಡಚಕ್ರ ಮಾತ್ರ ತಲೆಯನ್ನು ಒಂದಿಷ್ಟು ಹೊರಕ್ಕೆ ಚಾಚಿ ವಾಲಿತ್ತು.

"ಅದು ಹಂಗೇ ಅಣ್ಣ," ಎಂದ ಫಿಟ್ಟರ್. "ಇಲ್ಲಿ ಎಲ್ಲಾ ಗಾಡಿಗೂ ಎಡಗಡೆ ಬುಷ್ಷೇ ಮೊದಲು ಸವೆಯೋದು. ಹಾಕಿ ಹಾಕಿ ಸಾಕಾಗೈತೆ. ಹೊಸದು ಹಾಕಿದ್ರೂ ವಾಲ್ತೈತೆ."

ಪಿನ್ನಿನ ಸುತ್ತಲ ಬುಷ್ಷು ಸವೆಯದಿದ್ದರೂ ಚಕ್ರ ಯಾಕೆ ವಾಲುತ್ತದೆಂದು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ, ಹಿಂದಿನ ಆಕ್ಸಲಿಗೆ ಗುಂಡು ಬಿಟ್ಟೆ. ಗುಂಡುಗಳು ತೂಗಿ ತೂಗಿ ನಿಂತವು. ಎರಡರ ಮೊನೆಯೂ ಅಡ್ಡಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

ಏಳನೇ ನಂಬರ್ ನೆಟ್ಟಗಿತ್ತು. ಅಂದರೆ ಡ್ರೈವರ್ ಮನೆಗೆ.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಮನುಷ್ಯ, ಆದರೆ ಮೇಲಿನಿಂದ ಫೋನು ಬರುತ್ತಲೇ ಇದ್ದ ಮನುಷ್ಯ. "ಏನ್ರಿ?" ಎಂದರು.

ಡ್ರೈವರ್ ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ತಲೆಯ ಟವೆಲ್ಲು ಬಿಚ್ಚಿ ಮಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದ, ಬಸ್ಸಿಗೆ ಕಾಯುವವನ ಹಾಗೆ.

"ಒಂದು ಸಲ ಅದರಲ್ಲಿ ಕೆಳಗೆ ಹೋಗಿ ಬಂದು ಹೇಳ್ತೀನಿ," ಎಂದೆ.

"ಅಳೆದಾಯ್ತಲ್ರಿ?"

"ನಿಂತಿರೋ ಗಾಡಿನ ಅಳೆದಿದ್ದೀನಿ. ಅವನು ಹೇಳ್ತಿರೋದು ಓಡೋ ಗಾಡಿ ವಿಷಯ."

ಡ್ರೈವರ್ ಹತ್ತಿದ. ಪಕ್ಕದ ಸೀಟಿನಲ್ಲಿ ನಾನು. ದಾರಿ ಗುಡ್ಡವನ್ನು ಬಳಸಿಕೊಂಡು ಇಳಿಯುತ್ತದೆ. ಬಲಕ್ಕೆ ಕಡಿದ ಬಂಡೆಯ ಗೋಡೆ, ಎಡಕ್ಕೆ ಮಣ್ಣಿನ ಒಂದು ದಿಂಡು, ಅದರಾಚೆ ಹಳೆಯ ಗುಂಡಿಯ ಕೆಂಪು ನೀರು. ಮೊದಲ ತಿರುವು ದಾಟಿದ ಮೇಲೆ ಅವನು, "ಹಿಡ್ಕಳ್ರಿ," ಎಂದು ಸ್ಟೇರಿಂಗಿನಿಂದ ಒಂದು ಕೈ ತೆಗೆದ. ನಾನು ವಾಲಿ ಹಿಡಿದೆ.

ಎಳೆಯುತ್ತಿತ್ತು. ಜಗ್ಗುವುದಲ್ಲ, ಕಿತ್ತುಕೊಳ್ಳುವುದೂ ಅಲ್ಲ. ಸಂತೆಯಲ್ಲಿ ಮಗು ಸೆರಗು ಹಿಡಿದು 'ಆ ಕಡೆ' ಎನ್ನುವ ಹಾಗೆ, ಬೇಸರವಿಲ್ಲದೆ, ಬಿಡದೆ. ನಾನು ಬಲಕ್ಕೆ ತಂದೆ, ಅದು ಎಡಕ್ಕೆ ಹೊರಳಿತು. ಮತ್ತೆ ತಂದೆ, ಮತ್ತೆ ಹೊರಳಿತು. ಗಾಳಿಯಂತ್ರದ ನೆರಳೊಂದು ನಮ್ಮ ಗಾಜಿನ ಮೇಲೆ ಹಾದು ನೀರಿನ ಕಡೆಗೆ ಹೋಯಿತು.

ಕೆಳಗೆ ತಿರುಗಿಸಿ ಹತ್ತುವಾಗಲೂ ಸ್ಟೇರಿಂಗ್ ಮೇಲೆ ಕೈಯಿಟ್ಟೆ. ಆಗಲೂ ಎಡಕ್ಕೇ ಎಳೆಯುತ್ತಿತ್ತು. ಈಗ ಎಡಕ್ಕಿದ್ದುದು ಬಂಡೆಯ ಗೋಡೆ. ಗೋಡೆಯ ಕಡೆ ಎಳೆದರೆ ಯಾರೂ ಹೆದರುವುದಿಲ್ಲ, ಲೋಡಿನ ಭಾರ ಅಂದುಕೊಳ್ಳುತ್ತಾರೆ. ದೆವ್ವದ ಏಕಮುಖ ಸಂಚಾರ ಅಲ್ಲಿಗೆ ಮುಗಿಯಿತು. ಉಳಿದದ್ದು ಎಡಕ್ಕೆಳೆಯುವ ಒಂದು ಲಾರಿ. ಆದರೆ ಅದು ನೆಟ್ಟಗಿತ್ತು. ನಾನೇ ಅಳೆದಿದ್ದೆ.

ಇನ್ನೆರಡು ಟಿಪ್ಪರ್ ಕೊಡಿ ಎಂದು ಕೇಳಿದೆ. ಎರಡನ್ನೂ ಮೊಳೆಗಳ ನಡುವೆ ನಿಲ್ಲಿಸಿದೆ. ಎರಡೂ ನೆಟ್ಟಗೆ, ಎರಡರ ಎಡಚಕ್ರವೂ ವಾಲಿಕೆ. ಎರಡರಲ್ಲೂ ಇಳಿದೆ. ಎರಡೂ ಎಡಕ್ಕೆ ಎಳೆದವು. ಒಂದು ಲಾರಿ ಕೆಟ್ಟರೆ ಲಾರಿ ಕೆಟ್ಟಿತು ಅನ್ನಬಹುದು. ಎಲ್ಲ ಲಾರಿಯೂ ಒಂದೇ ರೀತಿ, ಒಂದೇ ಕಡೆಗೆ, ಅಳತೆಗೆ ಸಿಗದ ಹಾಗೆ ಕೆಟ್ಟರೆ ಏನನ್ನಬೇಕೆಂದು ನಮ್ಮ ಕಸುಬಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಮೂರನೆಯದರಿಂದ ಇಳಿದಾಗ ನಾನು ಚೀಲದಿಂದ ನೀರು ತೆಗೆದು ಕುಡಿದು, ಉಳಿದದ್ದನ್ನು ತಲೆಗೆ ಹಾಕಿಕೊಂಡೆ.

"ಹೊಸದಾಗಿ ಬಂದಾಗ ಎಲ್ಲಾ ನೆಟ್ಟಗೇ ಇರ್ತವೆ ಮೇಸ್ತ್ರಿ," ಎಂದ ಡ್ರೈವರ್ ಮೆಲ್ಲಗೆ. "ಒಂದಷ್ಟು ದಿನ ಇಲ್ಲಿ ಇದ್ದ ಮೇಲೆ ಹಿಂಗಾಗ್ತವೆ. ಅಭ್ಯಾಸ ಆಗ್ತೈತೆ."

"ಹೊಸದು ಯಾವುದಾದ್ರೂ ಐತಾ?"

ಇತ್ತು. ಆ ವಾರವಷ್ಟೇ ಬಂದ ಟಿಪ್ಪರ್, ಸೀಟಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಅದನ್ನು ಇಳಿಜಾರಿಗೆ ಬಿಟ್ಟೆವು. ದಾರದ ಮೇಲೆ ಹೋದ ಹಾಗೆ ಹೋಯಿತು. ವಾಪಸು ತಂದು ಶೆಡ್ಡಿನಲ್ಲಿ ಮೊಳೆಗಳ ನಡುವೆ ನಿಲ್ಲಿಸಿ ಗುಂಡು ಬಿಟ್ಟೆ.

ಸೊಟ್ಟ! ಹಿಂದಿನ ಆಕ್ಸಲಿನ ಎಡತುದಿ ಗೆರೆಗಿಂತ ಒಂದು ಬೆರಳು ಹಿಂದೆ, ಬಲತುದಿ ಅಷ್ಟೇ ಮುಂದೆ. ಮುಂದಿನ ಎಡಚಕ್ರ ವಾಲಿತ್ತು.

"ನೋಡಿದ್ರಾ, ಕಂಪನಿಯಿಂದ ಬರೋದೇ ಹಿಂಗೆ," ಎಂದ ಫಿಟ್ಟರ್, ಮತ್ತು ಆಕ್ಸಲನ್ನು ಸರಿಸಿ ಹಿಡಿಸಲು ಹಾಕುವ ತಗಡಿನ ಶಿಮ್ಮುಗಳ ಡಬ್ಬಿ ತೆಗೆದ. "ಎಲ್ಲಾ ಗಾಡಿಗೂ ಬಂದ ವಾರದಾಗೆ ನಾನೇ ನೆಟ್ಟಗೆ ಮಾಡೋದು, ಆಮೇಲೂ ವಾರ ವಾರ ಇಲ್ಲೇ ಹಿಡಿದು ಸರಿ ಮಾಡ್ತಿರ್ತೀನಿ."

ಆ ಡಬ್ಬಿಯನ್ನು ನೋಡಿದಾಗ ನನಗೆ ಹೊಳೆಯಿತು. ನೇರವಾಗಿ ಓಡುವ ಗಾಡಿಯನ್ನು ಈ ನೆಲ ಸೊಟ್ಟ ಅನ್ನುತ್ತಿದೆ. ಎಳೆಯುವ ಗಾಡಿಯನ್ನು ನೆಟ್ಟಗೆ ಅನ್ನುತ್ತಿದೆ.

"ಡಬ್ಬಿ ಮುಚ್ಚಪ್ಪ," ಎಂದೆ. "ಗಾಡಿ ತಿರುಗಿಸಿ ನಿಲ್ಲಿಸು. ಮೂತಿ ಆ ಕಡೆ, ಹಿಂಭಾಗ ಈ ಕಡೆ."

"ತಿರುಗಿಸಿದ್ರೆ ಏನಾಗ್ತೈತೆ? ಅದೇ ಗಾಡಿ, ಅದೇ ಚಕ್ರ."

"ಅದೇ ಚಕ್ರ ವಾಲಬೇಕಲ್ಲ, ನೋಡಾಣ."

ತಿರುಗಿಸಿದರು. ಮುಂಚಕ್ರಕ್ಕೆ ಗುಂಡು ಹಿಡಿದೆ. ಎಡಚಕ್ರ ಈಗ ಸರಿಯಾಗಿತ್ತು. ಬಲಚಕ್ರ ವಾಲಿತ್ತು.

ಲಾರಿ ತಿರುಗಿತ್ತು, ದೋಷ ತಿರುಗಿರಲಿಲ್ಲ. ಅದು ಇದ್ದಲ್ಲೇ ಇತ್ತು. ಆಗಲೂ ಈಗಲೂ ವಾಲಿದ್ದು ಹಳೆಯ ಗುಂಡಿಯ ಕಡೆಗಿನ ಚಕ್ರ. ತಗಡಿನ ಮೇಲೆ ನೆರಳು ಹರಿಯುವಾಗ ಒಳಗೆ ಒಂದು ಕ್ಷಣ ಕತ್ತಲಾಗುತ್ತಿತ್ತು, ಮತ್ತೆ ಬೆಳಕಾಗುತ್ತಿತ್ತು.

ನಾನು ಟೇಪಿನ ತುದಿಯನ್ನು ಒಂದು ಮೂಲೆಯ ಮೊಳೆಗೆ ಸಿಕ್ಕಿಸಲು ಬಗ್ಗಿದೆ. ಫಿಟ್ಟರ್ ಕೈ ಅಡ್ಡ ಹಿಡಿದ.

"ಅಣ್ಣ, ಉಸ್ತಾದ್ ಮೊಳೆಗೆ ಟೇಪ್ ಹಿಡೀತೀರಾ? ಇಷ್ಟು ವರ್ಷದಾಗೆ ಯಾರೂ ಹಿಡಿದಿಲ್ಲ."

"ಅದಕ್ಕೇ ಹಿಡೀತಿರೋದು."

"ಅವರ ಕೈ ತಪ್ಪಿಲ್ಲ."

"ಅವರ ಕೈ ತಪ್ಪಿದೆ ಅಂತ ನಾನು ಅಂದ್ನಾ?"

ಅವನು ಸರಿಯಲಿಲ್ಲ. ಡ್ರೈವರ್ ಬಂದು ಅವನ ಭುಜದ ಮೇಲೆ ಕೈಯಿಟ್ಟು, "ಬಿಡಲೇ, ನಿನ್ನ ಕೆಲಸ ಹೋಗಲ್ಲ, ನಂದು ಹೋಗ್ತೈತೆ," ಎಂದ. ಫಿಟ್ಟರ್ ಪಕ್ಕಕ್ಕೆ ಸರಿದ, ಮುಖ ಆ ಕಡೆ ಮಾಡಿಕೊಂಡು.

ನಾಲ್ಕು ಮೊಳೆಗಳು ಸರಿಯಾದ ಚೌಕಟ್ಟಾಗಿದ್ದರೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಅಳತೆ ಸಮ ಬರಬೇಕು. ಬರಲಿಲ್ಲ. ಎರಡು ಸಲ, ಮೂರು ಸಲ ಹಿಡಿದೆ. ಬರಲಿಲ್ಲ. ಗಾರೆಯವರು ಬಳಸುವ ನೀರಿನ ಪೈಪು ತರಿಸಿ ಮಟ್ಟ ನೋಡಿದೆ. ನೆಲ ಗುಂಡಿಯ ಕಡೆಗೆ ಇಳಿದಿತ್ತು, ಕಣ್ಣಿಗೆ ಕಾಣದಷ್ಟು. ಕಾಂಕ್ರೀಟನ್ನು ಎರಡು ಹಾಸಾಗಿ ಹಾಕಿದ್ದರು. ನಡುವೆ ಒಂದು ಕೂಡುಗೆರೆ, ಧೂಳು ತುಂಬಿ ಮುಚ್ಚಿತ್ತು. ಮುಂದಿನ ಎರಡು ಮೊಳೆ ಒಂದು ಹಾಸಿನಲ್ಲಿ, ಹಿಂದಿನ ಎರಡು ಇನ್ನೊಂದರಲ್ಲಿ. ಉಸ್ತಾದರ ಮೊಳೆಗಳಲ್ಲಿ ಮುಂದಿನ ಎರಡು ಹಾಸಿನ ಸಮೇತ ಗುಂಡಿಯ ಕಡೆಗೆ ನಡೆದುಬಿಟ್ಟಿದ್ದವು.

ಇಲ್ಲಿ ನನಗೆ ಅನುಮಾನವಿತ್ತು. ಹಿಂದೆಂದೋ ಸರಿದದ್ದೋ, ಈಗಲೂ ಸರಿಯುತ್ತಿದೆಯೋ? ಹಳೆಯದಾದರೆ ಹೊಸ ಗೆರೆ ಹಾಕಿ ಮುಗಿಸಬಹುದು. ಅಷ್ಟರಲ್ಲಿ ಸೈರನ್ ಕೂಗಿತು. ಕೆಳಗಿನ ಹೊಸ ಗಣಿಯಲ್ಲಿ ಮಧ್ಯಾಹ್ನದ ಸಿಡಿಮದ್ದು ಹಾರಿಸುವ ಹೊತ್ತು. ಆ ಹೊತ್ತಿಗೆ ಎಲ್ಲರೂ ಬಂದು ಸೇರುವ ಸುರಕ್ಷಿತ ಜಾಗ ಯಾವುದೆಂದರೆ ಇದೇ ಶೆಡ್ಡು. ಡ್ರೈವರುಗಳು, ಕೂಲಿಯವರು, ಅಡಿಗೆಯವಳು, ಮ್ಯಾನೇಜರ್, ಎಲ್ಲರೂ ಊಟದ ಡಬ್ಬಿ ಹಿಡಿದು ಬಂದು ಕುಳಿತರು. ಬಹುಪಾಲು ಜನ ತಂಪೆಂದು ಮುಂದಿನ ಹಾಸಿನ ಮೇಲೆ, ಗುಂಡಿಯ ಮಗ್ಗುಲಿಗೆ.

ಕೂಡುಗೆರೆಯ ಧೂಳನ್ನು ಕೈಯಿಂದ ಒರೆಸಿದೆ. ಅದರ ಮೇಲೆ ಅಡ್ಡಲಾಗಿ, ಎರಡೂ ಹಾಸಿಗೆ ಸೇರುವಂತೆ, ಸೀಮೆಸುಣ್ಣದಿಂದ ಒಂದು ತೆಳು ಗೆರೆ ಎಳೆದೆ.

"ಏನ್ರಿ ಅದು, ರಂಗೋಲಿನಾ?" ಎಂದಳು ಅಡಿಗೆಯವಳು. ಎಲ್ಲರೂ ನಕ್ಕರು.

"ಒಂದು ನಿಮಿಷ ಇದನ್ನೇ ನೋಡ್ತಾ ಕುಂತ್ಕಳ್ರಿ," ಎಂದೆ.

ಸೈರನ್ ನಿಂತಿತು. ಸೈರನ್ ನಿಂತ ಮೇಲೆ ಸಿಡಿಯುವವರೆಗೆ ಒಂದು ಮೌನವಿರುತ್ತದೆ. ಹಕ್ಕಿಗಳಿಗೂ ಅದು ಅಭ್ಯಾಸವಾಗಿರುತ್ತದೆ. ಆಮೇಲೆ ಸದ್ದು ಬಂತು, ಕಿವಿಗಿಂತ ಮೊದಲು ಅಂಗಾಲಿಗೆ. ತಗಡು ಅದುರಿತು, ಡಬ್ಬಿಯ ಮುಚ್ಚಳಗಳು ಕಿಣಿಕಿಣಿ ಅಂದವು, ಮುಗಿಯಿತು. ಯಾರೋ ನೀರಿನ ಲೋಟ ಎತ್ತಿಕೊಂಡರು.

ಗೆರೆ ತುಂಡಾಗಿತ್ತು. ಒಂದು ತುದಿ ಇನ್ನೊಂದು ತುದಿಗೆ ಸೇರುತ್ತಿರಲಿಲ್ಲ. ನಡುವೆ ನೂಲಿನಷ್ಟು ಮೆಟ್ಟಿಲು.

ಫಿಟ್ಟರ್ ಬಗ್ಗಿ ಅದರ ಮೇಲೆ ಬೆರಳಿಟ್ಟ. ತೆಗೆಯಲಿಲ್ಲ. ನಗುತ್ತಿದ್ದ ಅಡಿಗೆಯವಳು ತನ್ನ ಕಾಲನ್ನು ನಿಧಾನಕ್ಕೆ ಈಚೆಯ ಹಾಸಿಗೆ ಎತ್ತಿಟ್ಟುಕೊಂಡಳು.

"ಎಲ್ಲರೂ ಹೊರಗೆ," ಎಂದೆ. "ಓಡಬೇಡ್ರಿ. ಡಬ್ಬಿ ಬಿಟ್ಟು ಬರ್ರಿ."

ಮ್ಯಾನೇಜರ್ ಹೊರಗೆ ಬಂದರು. ಆಮೇಲೆ, ಅವರ ಬಗ್ಗೆ ಒಳ್ಳೆಯದು ಹೇಳಲೇಬೇಕು, ಫೋನು ತೆಗೆದು ಕೆಳಗಿನ ಕೆಲಸವನ್ನೂ ಇಳಿಜಾರಿನ ದಾರಿಯನ್ನೂ ಅಲ್ಲೇ ನಿಲ್ಲಿಸಿದರು. ಕೊನೆಗೆ ಹೊರಬಂದವನು ಫಿಟ್ಟರ್. ಹೊಸ ಟಿಪ್ಪರನ್ನು ಹೊರತಂದವನು ಏಳನೇ ನಂಬರಿನ ಡ್ರೈವರ್, ಯಾರೂ ಹೇಳದೆ, ಎರಡನೇ ಗೇರಿಗೂ ಹೋಗದೆ, ಮೊಟ್ಟೆಯ ಬುಟ್ಟಿ ಹೊತ್ತ ಹಾಗೆ.

ಶೆಡ್ಡಿನ ಹಿಂದೆ ಹಳೆಯ ಟೈರುಗಳ ರಾಶಿಯಿತ್ತು. ನಾಲ್ಕಾರು ಟೈರು ಉರುಳಿಸಿದಾಗ ನೆಲದಲ್ಲಿ ಬಿರುಕು ಕಾಣಿಸಿತು, ಗುಂಡಿಯ ಅಂಚಿಗೆ ಸಮವಾಗಿ, ಕೈ ತೂರುವಷ್ಟು ಅಗಲ. ಡ್ರೈವರ್ ಒಂದು ಕಲ್ಲು ಹಾಕಿದ. ಕಿವಿಗೊಟ್ಟು ಕಾದೆವು. ಕಲ್ಲು ನೀರಿಗೆ ಬಿದ್ದ ಸದ್ದು ಬಂತು. ಬಂದದ್ದು ಎದುರಿನ ಗುಂಡಿಯಿಂದಲ್ಲ. ನಾವು ನಿಂತ ಕಾಲಿನ ಕೆಳಗಿನಿಂದ.

ನಾವು ಮೂವರೂ ಬಹಳ ಗೌರವದಿಂದ, ಬೆನ್ನು ತೋರಿಸದೆ, ಹಿಂದಕ್ಕೆ ಹೆಜ್ಜೆಯಿಟ್ಟು ಅಲ್ಲಿಂದ ಬಂದೆವು. ದೊಡ್ಡವರ ಸನ್ನಿಧಿಯಿಂದ ಹೊರಡುವ ಪದ್ಧತಿ ಹಾಗೆಯೇ.

ಆಮೇಲಿನದು ಕಸುಬು. ಗುಂಡಿಯಿಂದ ದೂರ, ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಗಟ್ಟಿ ಬಂಡೆಯ ಒಂದು ಬಯಲು ಸಿಕ್ಕಿತು. ಮರುದಿನ ಬೆಳಿಗ್ಗೆ ಅಲ್ಲಿ ದಾರ ಹಿಡಿದು, ಮೂಲೆಯಿಂದ ಮೂಲೆಗೆ ಅಳೆದು, ಎರಡೂ ಅಳತೆ ಸಮ ಬರುವವರೆಗೆ ಅಳಿಸಿ ಬರೆದು ಹೊಸ ಚೌಕಟ್ಟು ಹಾಕಿದೆವು. ಫಿಟ್ಟರ್ ದಾರದ ಆ ತುದಿ ಹಿಡಿದಿದ್ದ. ಕೊನೆಯಲ್ಲಿ ಅವನೇ, "ಅಣ್ಣ, ಇನ್ನೊಂದ್ಸಲ ಮೂಲೆ ಹಿಡಿಯಾಣ," ಎಂದ. ಹಿಡಿದೆವು. ಸಮ ಬಂತು.

ಏಳನೇ ನಂಬರನ್ನು ಅದರ ಮೇಲೆ ನಿಲ್ಲಿಸಿದಾಗ ಸೊಟ್ಟ ತಾನಾಗಿ ಕಂಡಿತು. ಎಡಗಡೆ ಚಕ್ರಗಳ ಅಂತರ ಕಡಿಮೆ, ಬಲಗಡೆ ಜಾಸ್ತಿ. ಫಿಟ್ಟರ್ ತಾನು ಹಾಕಿದ್ದ ಶಿಮ್ಮುಗಳನ್ನು ತಾನೇ ಬಿಚ್ಚಿದ. ಗುಂಡುಗಳು ಗೆರೆಗೆ ಬಂದವು. ಮುಂದಿನ ಎರಡೂ ಚಕ್ರಗಳು ಒಂದೇ ಸಮ ನಿಂತವು. ಬಯಲಿನಲ್ಲಿ ಓಡಿಸಿ, ಸ್ಟೇರಿಂಗ್ ಬಿಟ್ಟು ನೋಡಿದೆ. ಹೇಳಿದ ಮಾತು ಕೇಳುವ ಗಾಡಿಯಾಗಿತ್ತು.

ಮ್ಯಾನೇಜರ್ ಡ್ರೈವರನ್ನು ಕರೆದು, "ನಿಂದೇನೂ ತಪ್ಪಿಲ್ಲಪ್ಪ. ನಾಳೆಯಿಂದ ಡ್ಯೂಟಿಗೆ ಬಾ. ಆ ಇಳಿಜಾರು ಬಂದ್. ಹಿಂದಿನ ದಾರಿಲಿ ಹೋಗು," ಎಂದರು.

ಅವನು ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಲಾರಿಯ ಸುತ್ತ ಒಂದು ಸುತ್ತು ಬಂದು ನನ್ನ ಹತ್ತಿರ ನಿಂತ.

"ಗಾಡಿ ಯಾಕೆ ಎಳೀತಿತ್ತು ಅಂತ ತಿಳೀತು ಮೇಸ್ತ್ರಿ. ನೆಲ ಯಾಕೆ ಆ ಕಡೆ ಹೋಗ್ತಿತ್ತು?"

ನಾನು ಹೇಳಿದೆ. ನೀರು ವರ್ಷಾನುಗಟ್ಟಲೆ ಅಂಚನ್ನು ಒಳಗಿಂದ ತಿಂದಿದೆ, ಶೆಡ್ಡಿನ ಕೆಳಗೆ ಪೊಳ್ಳಾಗಿದೆ, ಮದ್ದು ಸಿಡಿದಾಗ ಆಗೊಮ್ಮೆ ಈಗೊಮ್ಮೆ ಹಾಸು ನೂಲಿನಷ್ಟು ಜಾರುತ್ತದೆ, ಹಾಸಿನ ಜೊತೆ ಮೊಳೆಯೂ ಗೆರೆಯೂ ಜಾರುತ್ತವೆ, ಆ ಗೆರೆಗೆ ಕೂರಿಸಿದ ಲಾರಿಯೂ ಅದೇ ಸೊಟ್ಟವನ್ನು ಹೊತ್ತುಕೊಂಡು ಹೋಗುತ್ತದೆ ಎಂದೆಲ್ಲ ಸಾವಧಾನವಾಗಿ, ಕೈಯಲ್ಲಿ ಚಿತ್ರ ಬರೆದು ವಿವರಿಸಿದೆ.

ಅವನು ಕೊನೆಯ ಮಾತಿನವರೆಗೂ ಮರ್ಯಾದೆಯಿಂದ ಕೇಳಿದ.

"ಅಲ್ರಿ," ಎಂದ, "ಗುಂಡಿ ಎಳೀತೈತೆ ಅಂತ ತಾನೇ ನಾನೂ ಹೇಳಿದ್ದು?"

ಗಾಡಿ ಹತ್ತಿ, ಬಾಗಿಲು ಎಳೆದುಕೊಂಡು, ಹಿಂದಿನ ದಾರಿಗೆ ತಿರುಗಿಸಿದ. ಅವನ ಮಾತಿನಲ್ಲಿ ಎಲ್ಲಿ ತಿದ್ದುಪಡಿ ಮಾಡಬೇಕೆಂದು ಹುಡುಕುತ್ತ ನಾನು ಅಲ್ಲೇ ನಿಂತಿದ್ದೆ. ಸಿಗಲಿಲ್ಲ.